ಮೆತ್ತಗಾದರೆ ಸಾಕೇ, ಒರೆಸಬೇಡವೇ?



ಈ ಸಲ ನಾವು ನಮ್ಮದೇ ಒಂದು ತಪ್ಪಿನ ಕಥೆಯಿಂದ ಆರಂಭಿಸುತ್ತೇವೆ. ನಮ್ಮ ಇಗರ್ಜಿಯ ಪೀಠವಸ್ತ್ರಗಳನ್ನು ಒಗೆದು ಇಸ್ತ್ರಿ ಹಾಕಿ ಕೊಡುವ ಸೇವೆ ಸರದಿಯ ಮೇಲೆ ಒಂದೊಂದು ವಾಳೆಗೆ ಬರುತ್ತದೆ. ಕಳೆದ ಪಾಸ್ಖ ಹಬ್ಬದ ಹೊತ್ತಿಗೆ ನಮ್ಮ ಸರದಿ. ಅದೇ ಸಮಯದಲ್ಲಿ ಕುಟುಂಬವೊಂದು ತೀರಿಕೊಂಡ ತಾಯಿಯ ನೆನಪಿಗೆಂದು ಒಂದು ಡಜನ್ ಹೊಸ ಪ್ಯೂರಿಫಿಕೇಟರ್‌ಗಳನ್ನು ಹೊಲಿಸಿ ಕೊಟ್ಟಿತ್ತು. ಬಲಿಪೂಜೆಯಲ್ಲಿ ಗುರುಗಳು ಪಾನಪಾತ್ರೆಯನ್ನು ಒರೆಸುವ ಪುಟ್ಟ ಬಿಳಿ ಬಟ್ಟೆ ಅದು. ಹೊಸ ಬಟ್ಟೆಯಲ್ಲವೇ, ಕೈಗೆ ಒರಟಾಗಿತ್ತು. ‘ಹಬ್ಬದ ಪೂಜೆಗೆ ಇಷ್ಟು ಒರಟು ಬಟ್ಟೆಯೇ?’ ಎಂದುಕೊಂಡು ಬಕೆಟಿಗೆ ಎರಡು ಮುಚ್ಚಳ ಫ್ಯಾಬ್ರಿಕ್ ಕಂಡೀಷನರ್ ಸುರಿದು ರಾತ್ರಿಯಿಡೀ ನೆನೆಸಿದೆವು. ಬೆಳಿಗ್ಗೆ ನೋಡಿದರೆ ಬಟ್ಟೆ ಬೆಣ್ಣೆಯ ಹಾಗೆ. ಪರಿಮಳ ಬೇರೆ. ನಮಗೆ ನಾವೇ ಶಹಬ್ಬಾಸ್ ಹೇಳಿಕೊಂಡೆವು.

ಪೂಜೆ ಮುಗಿದ ಮೇಲೆ ಫಾದರ್ ನಮ್ಮನ್ನು ಸಕ್ರಿಸ್ತಿಗೆ ಕರೆದರು. ಸಿಟ್ಟೇನೂ ಇರಲಿಲ್ಲ. ‘ಬಟ್ಟೆ ಬಹಳ ಚೆಂದ ಉಂಟು. ಆದರೆ ಇದು ಒರೆಸುವುದಿಲ್ಲವಲ್ಲ, ಆಚೆಯಿಂದ ಈಚೆಗೆ ಸರಿಸುತ್ತದೆ ಅಷ್ಟೇ’ ಎಂದರು. ಒಂದು ಹನಿ ನೀರನ್ನು ಅದರ ಮೇಲೆ ಬಿಟ್ಟು ತೋರಿಸಿದರು. ಕೆಸುವಿನೆಲೆಯ ಮೇಲಿನ ಮಳೆಹನಿಯ ಹಾಗೆ ನೀರು ಗುಂಡಗೆ ಕುಳಿತಿತು. ನಾವು ತಲೆ ತಗ್ಗಿಸಿದೆವು. ಏಕೆಂದರೆ ಪಾನಪಾತ್ರೆಯ ಅಂಚಿನಲ್ಲಿ ಉಳಿಯುವುದು ಬರೀ ದ್ರಾಕ್ಷಾರಸದ ಹನಿಯಲ್ಲ ಎಂಬುದು ನಮ್ಮ ವಿಶ್ವಾಸ. ಆ ಹನಿಯನ್ನು ಗೌರವದಿಂದ ಹೀರಿಕೊಳ್ಳಲೆಂದೇ ಇರುವ ಬಟ್ಟೆಯಿಂದ ಆ ಒಂದು ಗುಣವನ್ನೇ ನಾವು ತೆಗೆದುಬಿಟ್ಟಿದ್ದೆವು.

ಹೀಗೇಕೆ ಆಯಿತು? ತಿಳಿದವರಲ್ಲಿ ಕೇಳಿ, ಓದಿ, ನಾವು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇವೆ. ಇಗರ್ಜಿಯ ಬಟ್ಟೆಗೆ ಮಾತ್ರವಲ್ಲ, ನಮ್ಮ ಮನೆಯ ಬೈರಾಸು, ಮಗುವಿನ ಅಂಗಿ, ಹಾಸಿಗೆಯ ಹೊದಿಕೆ ಎಲ್ಲಕ್ಕೂ ಇದು ಅನ್ವಯಿಸುತ್ತದೆ.

ಮಗ್ಗದಿಂದ ಇಳಿದ ಬಟ್ಟೆ

ಮಗ್ಗದಿಂದ ಇಳಿದ ಹತ್ತಿಯ ಬಟ್ಟೆಯನ್ನು ಮುಟ್ಟಿ ನೋಡಿದವರಿಗೆ ಗೊತ್ತು, ಅದು ಗಡುಸಾಗಿರುತ್ತದೆ, ಬಣ್ಣ ಮಾಸಲು. ನೇಯುವಾಗ ಹಾಸಿನ ನೂಲು ಉಜ್ಜಿ ತುಂಡಾಗದಿರಲೆಂದು ಅದಕ್ಕೆ ಗಂಜಿ ಕೊಟ್ಟಿರುತ್ತಾರೆ. ಹತ್ತಿಯ ಎಳೆಯ ಮೇಲೆ ಸಹಜವಾಗಿಯೇ ಮೇಣದಂಥ ಜಿಡ್ಡೂ ಇರುತ್ತದೆ. ಆದ್ದರಿಂದ ನೇಯ್ದರೆ ಕೆಲಸ ಮುಗಿಯುವುದಿಲ್ಲ. ಮೊದಲು ಗಂಜಿ ಬಿಡಿಸಬೇಕು, ಕಾಸ್ಟಿಕ್ ಸೋಡಾ ಹಾಕಿ ಕುದಿಸಿ ಜಿಡ್ಡು ತೆಗೆಯಬೇಕು, ಬಿಳಿ ಮಾಡಬೇಕು. ಆಮೇಲೆ ಬೇಕಾದ ನಯ, ಹೊಳಪು, ದಪ್ಪ, ಬಿಗಿ ತರಬೇಕು. ಈ ಕೊನೆಯ ಹಂತಕ್ಕೆ ಗಿರಣಿಯವರು ಫಿನಿಶಿಂಗ್ ಎನ್ನುತ್ತಾರೆ. ನಾವು ‘ಕೊನೆಯ ಹದ’ ಎನ್ನೋಣ. ಅಡುಗೆಗೆ ಇರುವ ಹಾಗೆ ಬಟ್ಟೆಗೂ ಒಂದು ಹದ ಉಂಟು.

ಈ ಹದ ತರುವ ದಾರಿಗಳು ಹಲವು. ಇಂಗ್ಲೆಂಡಿನ ಜಾನ್ ಮರ್ಸರ್ ಎಂಬವರು ಹತ್ತಿಗೆ ಗಾಢವಾದ ಕಾಸ್ಟಿಕ್ ಸೋಡಾ ತಗಲಿಸಿದರೆ ಎಳೆ ಉಬ್ಬಿ ಗಟ್ಟಿಯಾಗುವುದನ್ನು ಕಂಡುಕೊಂಡು 1850ರಲ್ಲಿ ಪೇಟೆಂಟ್ ಪಡೆದರು. 1890ರಲ್ಲಿ ಹೊರೇಸ್ ಲೋ ಎಂಬವರು, ಆ ಸಮಯದಲ್ಲಿ ಬಟ್ಟೆಯನ್ನು ಎಳೆದು ಹಿಡಿದರೆ ರೇಷ್ಮೆಯಂಥ ಹೊಳಪೂ ಬರುತ್ತದೆ ಎಂದು ತೋರಿಸಿದರು. ಅಂಗಡಿಯಲ್ಲಿ ‘ಮರ್ಸರೈಸ್ಡ್ ಕಾಟನ್’ ಎಂಬ ಚೀಟಿ ಕಂಡರೆ ಅದರ ಹಿಂದಿನ ಕಥೆ ಇದು. ಭಾರವಾದ ಉರುಳೆಗಳ ನಡುವೆ ಒತ್ತಿ ನಯ ಮಾಡುವುದು ಒಂದು ದಾರಿ. ಸಣ್ಣ ತಂತಿಯ ಹಲ್ಲುಗಳಿಂದ ಮೇಲ್ಮೈಯನ್ನು ಕೆದಕಿ ನವಿರು ಎಬ್ಬಿಸುವುದು ಇನ್ನೊಂದು. ಫ್ಲಾನೆಲ್ ಬೆಚ್ಚಗಿರುವುದು ಆ ನವಿರಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದರಿಂದ. ಈಗ ಕಿಣ್ವಗಳನ್ನು ಬಳಸಿ ಬಟ್ಟೆಯ ಮೇಲಿನ ಸಣ್ಣ ಜುಂಗನ್ನು ಕರಗಿಸುವ ವಿಧಾನವೂ ಬಂದಿದೆ.

ಬಂದ ನಯ, ಬಳಿದ ನಯ

ಇವೆಲ್ಲ ಬಟ್ಟೆಯ ಎಳೆಯನ್ನೇ ಹದಗೊಳಿಸುವ ದಾರಿಗಳು. ಇದಲ್ಲದೆ ನಯವನ್ನು ಮೇಲಿನಿಂದ ಬಳಿಯುವ ದಾರಿಯೂ ಉಂಟು. ಕಂಡೀಷನರ್ ಮಾಡುವುದು ಇದನ್ನೇ. ಅದರಲ್ಲಿರುವ ಕೊಬ್ಬಿನಂಥ ಅಣುವಿಗೆ ಒಂದು ತಲೆ, ಉದ್ದದ ಬಾಲ. ತಲೆ ಹತ್ತಿಯ ಎಳೆಗೆ ಅಂಟಿಕೊಳ್ಳುತ್ತದೆ, ಜಿಡ್ಡಿನ ಬಾಲ ಹೊರಗೆ ಚಾಚಿಕೊಳ್ಳುತ್ತದೆ. ಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟ ಹಾಗೆ ಎಳೆಗಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ಕೈಗೆ ಮೆತ್ತಗೆ ತೋರುವುದು ಅದಕ್ಕೇ. ಆದರೆ ಎಣ್ಣೆಗೂ ನೀರಿಗೂ ಎಂದಾದರೂ ಕೂಡಿಬಂದದ್ದು ಉಂಟೇ? ಆ ಜಿಡ್ಡಿನ ಪದರ ನೀರನ್ನು ಒಳಗೆ ಬಿಡುವುದಿಲ್ಲ. ಸ್ವಲ್ಪ ಹಾಕಿದರೆ ಸ್ವಲ್ಪ ಅಡ್ಡಿ, ನಮ್ಮ ಹಾಗೆ ಧಾರಾಳವಾಗಿ ಹಾಕಿದರೆ ಪೂರ್ತಿ ಅಡ್ಡಿ.

ಅಂಗಡಿಯಿಂದ ತಂದ ಹೊಸ ಬೈರಾಸು ಮೊದಲ ಕೆಲವು ದಿನ ಮೈ ಒರೆಸದೆ ಜಾರುವುದನ್ನು ನೀವು ಗಮನಿಸಿರಬಹುದು. ಅಲ್ಲಿಯೂ ಇದೇ ಕಾರಣ. ಅಂಗಡಿಯಲ್ಲಿ ಮುಟ್ಟಿದ ಕೂಡಲೇ ಮೆತ್ತಗೆನಿಸಲಿ ಎಂದು ಗಿರಣಿಯಲ್ಲಿ ಸಿಲಿಕೋನ್ ಮುಂತಾದವನ್ನು ಕೊಟ್ಟಿರುತ್ತಾರೆ. ನಾವು ನಯ ನೋಡಿ ಹಣ ಕೊಡುತ್ತೇವೆ, ಮನೆಗೆ ಬಂದ ಮೇಲೆ ನೀರು ಹೀರದೆಂದು ಗೊಣಗುತ್ತೇವೆ!

ಇನ್ನೊಂದು ರೀತಿಯ ನಯ ಉಂಟು, ಅದು ಬಳಕೆಯಿಂದ ಬರುವಂಥದ್ದು. ನಮ್ಮ ಕಾಸರಗೋಡಿನ ಕೈಮಗ್ಗದ ಹತ್ತಿ ಸೀರೆ ಉಟ್ಟವರನ್ನು ಕೇಳಿ. ಮೊದಲ ದಿನ ಬಿರುಸು. ಒಗೆದಂತೆ ಒಗೆದಂತೆ ಗಂಜಿ ಬಿಟ್ಟು, ನೂಲು ಸಡಿಲಗೊಂಡು, ಮೈಗೆ ಹೊಂದಿಕೊಳ್ಳುತ್ತದೆ. ಅಗಸೆ ನಾರಿನ ಲಿನನ್ ಬಟ್ಟೆಯೂ ಹಾಗೆಯೇ. ಅದಕ್ಕೆ ಪ್ರತಿ ಒಗೆತವೂ ಒಂದು ಹದ. ಈ ನಯಕ್ಕೆ ಸಮಯ ಬೇಕು, ಆದರೆ ಅದು ಬಟ್ಟೆಯ ಒಳಗಿನಿಂದ ಬಂದದ್ದು. ನೀರು ಹೀರುವ ಗುಣ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ನಮ್ಮ ಅಜ್ಜಿಯಂದಿರು ಹುಟ್ಟಿದ ಮಗುವನ್ನು ಹೊಸ ಬಟ್ಟೆಯಲ್ಲಿ ಸುತ್ತುತ್ತಿರಲಿಲ್ಲ. ನೂರಾರು ಸಲ ಒಗೆದ ಅಜ್ಜನ ಮುಂಡನ್ನೋ ತಾಯಿಯ ಹಳೆಯ ಸೀರೆಯನ್ನೋ ಹರಿದು ಇಟ್ಟುಕೊಳ್ಳುತ್ತಿದ್ದರು. ಬಡತನಕ್ಕೆ ಹಾಗೆ ಮಾಡಿದರೆಂದು ನಾವು ತಿಳಿದಿದ್ದೆವು. ಅದರಲ್ಲಿ ಜಾಣ್ಮೆಯೂ ಇತ್ತು. ಸುಕ್ಕುಗಟ್ಟದ ಕೆಲವು ಬಟ್ಟೆಗಳಿಗೆ ಕೊಡುವ ರಾಳದಿಂದ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಅಲ್ಪಸ್ವಲ್ಪ ಹೊರಬರುತ್ತದೆ, ಕೆಲವರ ಚರ್ಮಕ್ಕೆ ಅದು ತುರಿಕೆ ತರುತ್ತದೆ. ಒಗೆದರೆ ಅದು ಬಹುಪಾಲು ಕಡಿಮೆಯಾಗುತ್ತದೆ. ಆದ್ದರಿಂದ ಹೊಸ ಬಟ್ಟೆಯನ್ನು, ಮುಖ್ಯವಾಗಿ ಮಗುವಿನದನ್ನು, ಒಮ್ಮೆಯಾದರೂ ಒಗೆಯದೆ ತೊಡಿಸಬೇಡಿ.

ಒಂದೇ ಬಟ್ಟೆ, ಎರಡು ಕೆಲಸ

ಇಗರ್ಜಿಗೆ ಮರಳಿ ಬರೋಣ. ಪೀಠದ ಮೇಲೆ ಹಾಸುವ ಕಾರ್ಪೊರಲ್ ಎಂಬ ಚೌಕದ ಬಟ್ಟೆಗೆ ಹಿಂದಿನಿಂದಲೂ ಗಂಜಿ ಹಾಕುವ ರೂಢಿ. ಗಂಜಿ ಹಾಕಿದ ನುಣುಪಿನ ಮೇಲೆ ಪರಮಪ್ರಸಾದದ ಚಿಕ್ಕ ಕಣ ಬಿದ್ದರೂ ಕಣ್ಣಿಗೆ ಕಾಣುತ್ತದೆ, ನೂಲಿನ ಎಡೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಮೂರು ಮೂರು ಮಡಿಕೆಯಾಗಿ, ಒಂಬತ್ತು ಚೌಕ ಬರುವಂತೆ ಒಳಮುಖವಾಗಿ ಮಡಚುವುದೂ ಅದಕ್ಕೇ. ಪ್ಯೂರಿಫಿಕೇಟರ್‌ಗೆ ಮಾತ್ರ ಗಂಜಿಯೂ ಬೇಡ, ಕಂಡೀಷನರೂ ಬೇಡ. ಅದರ ಕೆಲಸ ಹೀರುವುದು. ಒಂದೇ ಬಟ್ಟೆಯಿಂದ ಎರಡನ್ನೂ ಹೊಲಿಯಬಹುದು, ಆದರೆ ಹದ ಬೇರೆ ಬೇರೆ. ಬಟ್ಟೆ ಎಷ್ಟು ಮೆತ್ತಗಿದೆ ಎಂದು ಕೇಳುವ ಮುಂಚೆ ಅದಕ್ಕೆ ವಹಿಸಿದ ಕೆಲಸವೇನು ಎಂದು ಕೇಳಬೇಕಿತ್ತು.

ಸೇವೆ ಮಾಡುವ ಎಲ್ಲರ ಗಮನಕ್ಕೆ ಇನ್ನೊಂದು ವಿಷಯ. 2004ರಲ್ಲಿ ವ್ಯಾಟಿಕನ್ ಹೊರಡಿಸಿದ ‘ರೆದೆಂಪ್ಸಿಯೋನಿಸ್ ಸಾಕ್ರಮೆಂತುಂ’ ಎಂಬ ಸೂಚನಾಪತ್ರವು ಈ ಬಟ್ಟೆಗಳನ್ನು ಮೊದಲು ಕೈಯಲ್ಲಿ ತೊಳೆದು, ಆ ನೀರನ್ನು ಸಕ್ರಿಸ್ತಿಯಲ್ಲಿ ಅದಕ್ಕೆಂದೇ ಇರುವ ತೊಟ್ಟಿಗೆ ಅಥವಾ ಯೋಗ್ಯ ಜಾಗದಲ್ಲಿ ಮಣ್ಣಿಗೆ ಹಾಕುವ ಕ್ರಮವನ್ನು ಮೆಚ್ಚಿದೆ. ಅದಾದ ಮೇಲೆಯೇ ಮಾಮೂಲಿ ಒಗೆತ.

ಮನೆಯಲ್ಲಿ ಹೀಗೆ ಮಾಡಿ

ಹನಿ ಪರೀಕ್ಷೆ: ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಕೂಡಲೇ ಇಂಗಿದರೆ ಬಟ್ಟೆ ಒರೆಸಲು ಯೋಗ್ಯ. ಗುಂಡಗೆ ನಿಂತರೆ ಅದರ ಮೇಲೆ ಜಿಡ್ಡು ಅಥವಾ ಲೇಪ ಇದೆ ಎಂದರ್ಥ.

ಬೈರಾಸು, ಒರೆಸುವ ಬಟ್ಟೆ: ಕಂಡೀಷನರ್ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಬಿಳಿ ಹತ್ತಿಯ ಬಟ್ಟೆಯನ್ನು ಬಿಸಿನೀರು ಮತ್ತು ಸ್ವಲ್ಪ ವಾಷಿಂಗ್ ಸೋಡಾದಲ್ಲಿ ಒಗೆದು ಚೆನ್ನಾಗಿ ಜಾಲಿಸಿ. ಒಂದೇ ಸಲಕ್ಕೆ ಹೋಗದು, ತಾಳ್ಮೆ ಬೇಕು.

ಸೋಪು: ಒರಟುತನಕ್ಕೆ ಅನೇಕ ಸಲ ನಮ್ಮ ಸೋಪೇ ಕಾರಣ. ಗಡಸು ನೀರಿನಲ್ಲಿ ಸೋಪು ಅಂಟಾದ ಗಸಿಯಾಗಿ ನೂಲಿನಲ್ಲಿ ಕುಳಿತುಕೊಳ್ಳುತ್ತದೆ. ಒಳನಾಡಿನಲ್ಲಿ ಕೊಳವೆಬಾವಿಯ ನೀರು ಬಳಸುವ ನಮ್ಮ ಬಂಧುಗಳಿಗೆ ಈ ತೊಂದರೆ ಹೆಚ್ಚು. ಸೋಪು ಕಡಿಮೆ ಹಾಕಿ, ಒಂದು ಸಲ ಹೆಚ್ಚು ಜಾಲಿಸಿ. ಕೊನೆಯ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿದರೆ ಉಳಿದ ಗಸಿ ಸಡಿಲಗೊಳ್ಳುತ್ತದೆ. ಆದರೆ ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರಾವಣದೊಡನೆ ವಿನೆಗರ್ ಎಂದಿಗೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಒಣಗಿಸುವುದು: ಹಗ್ಗದ ಮೇಲೆ ಅಲುಗಾಡದೆ ಒಣಗಿದ ಹತ್ತಿ ಹಪ್ಪಳದಂತಾಗುತ್ತದೆ. ಎಳೆಗಳ ನಡುವೆ ಉಳಿದ ಅತಿ ತೆಳುವಾದ ನೀರೇ ಅಂಟಿನಂತೆ ಅವನ್ನು ಹಿಡಿದಿಡುತ್ತದೆ ಎಂದು ಜಪಾನಿನ ಕಾವೊ ಕಂಪನಿ ಹಾಗೂ ಹೊಕ್ಕೈಡೊ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ವಿವರಿಸಿದರು. ಹಾಕುವ ಮುಂಚೆ ಚೆನ್ನಾಗಿ ಕೊಡವಿ, ಒಣಗಿದ ಮೇಲೆ ಇನ್ನೊಮ್ಮೆ ಕೊಡವಿ ಕೈಯಲ್ಲಿ ಉಜ್ಜಿ. ಖರ್ಚಿಲ್ಲದ ನಯ ಇದು.

ಜ್ಞಾನಸ್ನಾನದ ಉಡುಪು: ಮುಂದಿನ ಮಗುವಿಗೆಂದು ತೆಗೆದಿಡುವಾಗ ಗಂಜಿ ಹಾಕಬೇಡಿ. ಪೆಟ್ಟಿಗೆಯೊಳಗಿನ ಬೆಳ್ಳಿಬಣ್ಣದ ಚಪ್ಪಟೆ ಹುಳಗಳಿಗೆ ಗಂಜಿ ಎಂದರೆ ಹಬ್ಬದೂಟ. ಗಂಜಿ ಪೂರ್ತಿ ತೊಳೆದು, ಚೆನ್ನಾಗಿ ಒಣಗಿಸಿ ಇಡಿ. ಬಳಸುವ ಮುನ್ನಾದಿನ ಇಸ್ತ್ರಿ ಹಾಕಿದರಾಯಿತು.

ಎಚ್ಚರಿಕೆ: ನವಿರೆದ್ದ ಹತ್ತಿ ಬಟ್ಟೆ ಬೇಗ ಬೆಂಕಿ ಹಿಡಿಯುತ್ತದೆ. ಕಂಡೀಷನರ್ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮಕ್ಕಳು ಮೇಣದಬತ್ತಿ ಹಿಡಿಯುವ ರಾತ್ರಿಗಳಲ್ಲಿ ಇದು ನೆನಪಿರಲಿ.

ಶುಭಸಂದೇಶದ ತೇಪೆ

ಈ ಕೊನೆಯ ಹದದ ಮಾತು ಶುಭಸಂದೇಶದಲ್ಲೂ ಉಂಟೆಂದು ನಮಗೆ ತಿಳಿದದ್ದು ಈಗ. ಹಳೆಯ ಉಡುಪಿಗೆ ಹೊಸ ಬಟ್ಟೆಯ ತೇಪೆ ಯಾರೂ ಹಚ್ಚುವುದಿಲ್ಲ ಎಂದು ಪ್ರಭು ಯೇಸು ಹೇಳಿದ್ದನ್ನು ಮಾರ್ಕನು ಎರಡನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಅಲ್ಲಿನ ಗ್ರೀಕ್ ಮಾತಿಗೆ ಬರೀ ‘ಹೊಸದು’ ಎಂದಷ್ಟೇ ಅರ್ಥವಲ್ಲ, ‘ಅಗಸನು ಇನ್ನೂ ಹದ ಮಾಡದ ಬಟ್ಟೆ’ ಎಂದು ಅರ್ಥ. ಆ ಕಾಲದ ಅಗಸನು ಮಗ್ಗದಿಂದ ಬಂದ ಉಣ್ಣೆಯ ಬಟ್ಟೆಯನ್ನು ಕ್ಷಾರದ ನೀರಿನಲ್ಲಿ ನೆನೆಸಿ, ಕಾಲಿನಿಂದ ತುಳಿದು ಜಿಡ್ಡು ಬಿಡಿಸುತ್ತಿದ್ದ. ಆಗ ಬಟ್ಟೆ ಕುಗ್ಗಿ, ದಪ್ಪಗಾಗಿ, ಮೆತ್ತಗಾಗುತ್ತಿತ್ತು. ಯೆರೂಸಲೇಮಿನ ಹೊರಗಿದ್ದ ಅಗಸರ ಹೊಲವನ್ನು ಪ್ರವಾದಿ ಯೆಶಾಯನ ಗ್ರಂಥ ಹೆಸರಿಸುತ್ತದೆ. ಹದವಾಗದ ತೇಪೆ ಮುಂದೆ ಕುಗ್ಗಿ ಹಳೆಯದನ್ನು ಹರಿದುಬಿಡುತ್ತದೆ ಎಂಬುದು ಕೇಳುತ್ತಿದ್ದ ಪ್ರತಿ ಗೃಹಿಣಿಗೂ ಗೊತ್ತಿದ್ದ ಸಂಗತಿ.

ನಮ್ಮ ಆ ಹನ್ನೆರಡು ಬಟ್ಟೆಗಳು ಏನಾದವು ಎಂದು ಕೇಳುವಿರಾ? ವಾಳೆಯ ಹಿರಿಯ ಬಾಯಿಯೊಬ್ಬರು, ‘ಬಿಡಿ ಮಕ್ಕಳೇ, ಎಸೆಯುವುದು ಬೇಡ. ಒಂದು ತಾಯಿಯ ಹೆಸರಲ್ಲಿ ಕೊಟ್ಟದ್ದು. ಒಗೆದು ಒಗೆದು ಸರಿ ಮಾಡುವ’ ಎಂದರು. ಮೂರು ವಾರ ಬಿಸಿನೀರು, ಸೋಡಾ, ಜಾಲಿಸುವುದು, ಕೊಡವುವುದು ನಡೆಯಿತು. ಪ್ರತಿ ಸಲ ಒಣಗಿದ ಮೇಲೆ ಒಂದು ಹನಿ ಬಿಟ್ಟು ನೋಡುತ್ತಿದ್ದೆವು. ಆರನೆಯ ಒಗೆತದ ಬಳಿಕ ಹನಿ ನಿಲ್ಲಲಿಲ್ಲ, ಬಿದ್ದಲ್ಲೇ ಇಂಗಿಹೋಯಿತು. ಪರಿಮಳ ಹೋಗಿತ್ತು. ಮೊದಲಿನ ಒರಟುತನವೂ ಅಷ್ಟಿರಲಿಲ್ಲ.

ಮನೆಯಲ್ಲಿಯೂ ಹೀಗೆಯೇ ಅಲ್ಲವೇ? ಕಷ್ಟದಲ್ಲಿರುವವರ ಮುಂದೆ ನಾವು ಎಷ್ಟೋ ಸಲ ನಯವಾದ ಮಾತು ಆಡುತ್ತೇವೆ. ಕೇಳಲು ಹಿತ, ಆದರೆ ಅವರ ಕಣ್ಣೀರು ಅವರ ಕೆನ್ನೆಯಲ್ಲೇ ಉಳಿಯುತ್ತದೆ. ಬದುಕಿನ ಒಗೆಯುವ ಕಲ್ಲಿನ ಮೇಲೆ ನಾಲ್ಕು ಪೆಟ್ಟು ತಿಂದವರು ಹೆಚ್ಚು ಮಾತನಾಡುವುದಿಲ್ಲ. ಬಂದು ಪಕ್ಕದಲ್ಲಿ ಕುಳಿತರೆ ಸಾಕು, ದುಃಖ ಇಂಗಲು ಒಂದು ಜಾಗ ಸಿಗುತ್ತದೆ. ಅಂಥ ಹದ ನಮ್ಮೆಲ್ಲರ ಮನೆಗಳಿಗೂ ಬರಲಿ.