ಗೇರ್‌ಬಾಕ್ಸಿನೊಳಗೊಂದು ಸೌರವ್ಯೂಹ

ಘಾಟಿ ಏರುವ ಲಾರಿಯ ಚಾಲಕನನ್ನು ಒಮ್ಮೆ ಗಮನಿಸಿ ನೋಡಿ. ಎಡಗಾಲು ಕ್ಲಚ್ಚಿನ ಮೇಲೆ, ಎಡಗೈ ಗೇರಿನ ಕೋಲಿನ ಮೇಲೆ, ಕಿವಿ ಎಂಜಿನ್ನಿನ ದನಿಯ ಮೇಲೆ. ಎಂಜಿನ್ ತಿಣುಕತೊಡಗಿದ್ದೇ ತಡ, ಕಾಲು ಒತ್ತುತ್ತದೆ, ಕೈ ಕೋಲನ್ನು ಎಳೆಯುತ್ತದೆ, ಗಾಡಿ ಕೆಳಗಿನ ಗೇರಿಗೆ ಇಳಿಯುತ್ತದೆ. ಈ ಕಾಲು, ಕೈ, ಕಿವಿಗಳ ಕೆಲಸವನ್ನೆಲ್ಲ ಒಂದು ಅಲ್ಯೂಮಿನಿಯಂ ಪೆಟ್ಟಿಗೆಗೆ ವಹಿಸಿಕೊಟ್ಟರೆ ಅದೇ ಆಟೊಮ್ಯಾಟಿಕ್ ಗೇರ್‌ಬಾಕ್ಸ್.

ಅಮೆರಿಕದಲ್ಲಿ ‘ಟ್ರಕ್’ ಎಂದರೆ ನಮ್ಮ ಹತ್ತು ಚಕ್ರದ ಲಾರಿಯೇ ಆಗಬೇಕಿಲ್ಲ. ಮುಂದೆ ಕಾರಿನಂತೆ ಆಸನ, ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್ ವಾಹನಕ್ಕೂ ಅಲ್ಲಿನವರು ಟ್ರಕ್ ಎಂದೇ ಹೇಳುತ್ತಾರೆ. ರೈತ, ಬಡಗಿ, ದೋಣಿ ಎಳೆದುಕೊಂಡು ಕೆರೆಗೆ ಹೋಗುವ ಹವ್ಯಾಸಿ, ಎಲ್ಲರ ಮನೆಯಲ್ಲೂ ಅದೊಂದು ಇರುತ್ತದೆ. ಅದರ ಗೇರ್‌ಬಾಕ್ಸ್ ಕೈಕೊಟ್ಟರೆ ವರ್ಕ್‌ಶಾಪಿನಲ್ಲಿ ಓವರ್‌ಹಾಲ್ ಮಾಡಿಸಲು ಸಾವಿರಾರು ಡಾಲರ್ ಬೇಕು. ಅದರಲ್ಲಿ ದೊಡ್ಡ ಪಾಲು ಕೂಲಿ. ಆದ್ದರಿಂದ ಅಲ್ಲಿ ಬಹಳ ಜನ ಮನೆಯ ಗ್ಯಾರೇಜಿನಲ್ಲೇ ಪೆಟ್ಟಿಗೆ ಇಳಿಸಿ, ಬಿಚ್ಚಿ, ಹೊಸ ಸಾಮಾನು ಹಾಕಿ, ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತಾರೆ. ಮೊಬೈಲಿನಲ್ಲಿ ಇಂಥದೊಂದು ಚಿತ್ರ ನೋಡಿ ಬಂದ ಹತ್ತನೇ ತರಗತಿಯ ಹುಡುಗನೊಬ್ಬ, “ಸಾರ್, ಇದು ಮನೇಲಿ ಆಗೋ ಕೆಲಸವಾ?” ಎಂದು ಕೇಳಿದ. ಆಗುತ್ತದೆ. ಅಷ್ಟೇ ಅಲ್ಲ, ಅವನ ಪಠ್ಯಪುಸ್ತಕದ ಅರ್ಧ ಭೌತಶಾಸ್ತ್ರ ಆ ಪೆಟ್ಟಿಗೆಯಲ್ಲೇ ಇದೆ. ಇದು ಪರೀಕ್ಷೆಗೆ ಬರುವುದಿಲ್ಲವಲ್ಲ ಎನ್ನುವ ಪಾಲಕರು ದಯವಿಟ್ಟು ಇನ್ನೆರಡು ಕಾಲಂ ತಾಳ್ಮೆಯಿಂದ ಓದಬೇಕು.

ಈ ಯಂತ್ರ ಹೊಸದೇನಲ್ಲ. ಜನರಲ್ ಮೋಟರ್ಸ್ ಕಂಪನಿ ತನ್ನ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ‘ಹೈಡ್ರಾಮ್ಯಾಟಿಕ್’ ಎಂಬ ಹೆಸರಿನಲ್ಲಿ ಇದನ್ನು ಕೊಟ್ಟಿತು. ಎರಡನೇ ಮಹಾಯುದ್ಧದಲ್ಲಿ ಎಂ5 ಸ್ಟುವರ್ಟ್ ಎಂಬ ಹಗುರ ಟ್ಯಾಂಕುಗಳಲ್ಲೂ ಇದೇ ಪೆಟ್ಟಿಗೆ ದುಡಿಯಿತು. ನಾವು ಇವತ್ತು ಬಿಚ್ಚಿ ನೋಡಲಿರುವುದು ಅದರ ಮೊಮ್ಮಗನನ್ನು. 1982ರ ಮಾದರಿಗಳಲ್ಲಿ ‘700-ಆರ್4’ ಎಂಬ ಹೆಸರಿನಿಂದ ಬಂದು, 1990ರಲ್ಲಿ ‘4ಎಲ್60’ ಎಂದು ಹೆಸರು ಬದಲಿಸಿಕೊಂಡು, 1993ರಿಂದ ವಿದ್ಯುನ್ಮಾನ ನಿಯಂತ್ರಣ ಸೇರಿ ‘4ಎಲ್60-ಇ’ ಆದ ಪೆಟ್ಟಿಗೆ ಇದು. ನಾಲ್ಕು ಮುಂದಿನ ಗೇರು, ಒಂದು ಹಿಂದಿನದು. ಅಮೆರಿಕದ ಮನೆ ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಬಿಚ್ಚಿಸಿಕೊಂಡ ಪೆಟ್ಟಿಗೆಗಳ ಸಾಲಿಗೆ ಇದು ಸೇರುತ್ತದೆ.

ಎಂಜಿನ್ನಿಗೂ ಪೆಟ್ಟಿಗೆಗೂ ನಡುವೆ ಕ್ಲಚ್ ಪೆಡಲಿನ ಬದಲು ಟಾರ್ಕ್ ಕನ್ವರ್ಟರ್ ಇದೆ. ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದರ ಸ್ವಿಚ್ ಮಾತ್ರ ಹಾಕಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿದರೆ ಕನ್ವರ್ಟರ್ ಆಯಿತು. ಇದರ ಮೂಲ ಪೇಟೆಂಟನ್ನು 1905ರಲ್ಲಿ ಪಡೆದ ಜರ್ಮನಿಯ ಹರ್ಮನ್ ಫೋಟಿಂಗರ್ ಯೋಚಿಸಿದ್ದು ಹಡಗಿಗಾಗಿ. ಎರಡು ರೆಕ್ಕೆಗಳ ನಡುವೆ ಮೂರನೆಯದೊಂದು ನಿಂತು, ಹಿಂದಿರುಗುವ ಎಣ್ಣೆಯ ದಿಕ್ಕು ತಿರುಗಿಸುವುದರಿಂದ ಗಾಡಿ ಹೊರಡುವಾಗ ತಿರುಚುಬಲ ಸುಮಾರು ಎರಡು ಪಟ್ಟಾಗುತ್ತದೆ. ಇದಕ್ಕೆ ತೆರುವ ಬೆಲೆ ಶಾಖ. ಎಣ್ಣೆ ಕಡೆದಷ್ಟೂ ಕಾಯುತ್ತದೆ.

ಪೆಟ್ಟಿಗೆಯ ನಡುವೆ ನಮ್ಮ ಸೌರವ್ಯೂಹವಿದೆ. ಮಧ್ಯದಲ್ಲಿ ಒಂದು ಸೂರ್ಯ ಗೇರು, ಅದರ ಸುತ್ತ ಗ್ರಹ ಗೇರುಗಳು, ಗ್ರಹಗಳನ್ನೆಲ್ಲ ಹೊತ್ತ ಒಂದು ಚೌಕಟ್ಟು, ಹೊರಗಡೆ ಒಳಮುಖವಾಗಿ ಹಲ್ಲುಗಳಿರುವ ಉಂಗುರ ಗೇರು. ಲೆಕ್ಕಕ್ಕೆ ಸುಲಭವಾಗಲೆಂದು ಸೂರ್ಯನಿಗೆ 28 ಹಲ್ಲು, ಉಂಗುರಕ್ಕೆ 56 ಹಲ್ಲು ಎಂದಿಟ್ಟುಕೊಳ್ಳೋಣ. ಉಂಗುರವನ್ನು ಅಲುಗದಂತೆ ಹಿಡಿದು ಸೂರ್ಯನನ್ನು 3 ಸುತ್ತು ತಿರುಗಿಸಿದರೆ ಚೌಕಟ್ಟು 1 ಸುತ್ತು ತಿರುಗುತ್ತದೆ: ಏರು ಹತ್ತುವ ಮೊದಲ ಗೇರು. ಸೂರ್ಯನನ್ನು ಹಿಡಿದು ಉಂಗುರವನ್ನು ಒಂದೂವರೆ ಸುತ್ತು ತಿರುಗಿಸಿದರೆ ಚೌಕಟ್ಟು 1 ಸುತ್ತು: ಎರಡನೆಯದು. ಯಾವುದಾದರೂ ಎರಡನ್ನು ಒಂದಕ್ಕೊಂದು ಬಿಗಿದರೆ ಎಲ್ಲವೂ ಒಂದೇ ಗಡ್ಡೆಯಾಗಿ ತಿರುಗುತ್ತವೆ: ಮೂರನೆಯದು. ಸೂರ್ಯನನ್ನು ಹಿಡಿದು ಚೌಕಟ್ಟನ್ನು 2 ಸುತ್ತು ತಿರುಗಿಸಿದರೆ ಉಂಗುರ 3 ಸುತ್ತು ಓಡುತ್ತದೆ: ಹೆದ್ದಾರಿಯ ನಾಲ್ಕನೆಯದು. ಚೌಕಟ್ಟನ್ನೇ ಹಿಡಿದು ಸೂರ್ಯನನ್ನು ತಿರುಗಿಸಿದರೆ ಉಂಗುರ ಉಲ್ಟಾ ತಿರುಗುತ್ತದೆ: ಅದು ರಿವರ್ಸ್. ನಿಜವಾದ ಪೆಟ್ಟಿಗೆಯಲ್ಲಿ ಇಂಥ ಎರಡು ಜೋಡಣೆಗಳು ಬೆಸೆದುಕೊಂಡಿವೆ. ಅವು ಕೊಡುವ ಅನುಪಾತಗಳು 3.06, 1.63, 1.00, 0.70. ನಮ್ಮ ಆಟದ ಲೆಕ್ಕಕ್ಕೆ ಎಷ್ಟು ಹತ್ತಿರ ನೋಡಿ!

ಹಲ್ಲುಗಳು ಎಂದೂ ಒಂದನ್ನೊಂದು ಬಿಡುವುದಿಲ್ಲ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದಷ್ಟೇ ಪ್ರಶ್ನೆ. ಹಿಡಿಯುವ ಕೈಗಳೇ ಕ್ಲಚ್ಚುಗಳು. ಒಂದು ಉಕ್ಕಿನ ತಟ್ಟೆ, ಒಂದು ಘರ್ಷಣೆಯ ಪದರ ಅಂಟಿಸಿದ ತಟ್ಟೆ, ಹೀಗೆ ಒಂದರ ಮೇಲೊಂದು ಪೇರಿಸಿದ ಕಟ್ಟು. ಹಿಂದಿನಿಂದ ಪಿಸ್ಟನ್ ಒತ್ತಿದರೆ ಕಟ್ಟು ಬಿಗಿಯುತ್ತದೆ, ಒತ್ತಡ ಹೋದರೆ ಸಡಿಲಾಗುತ್ತದೆ. ಈ ಪೆಟ್ಟಿಗೆಯಲ್ಲಿ ಅಂಥ ಐದು ಕಟ್ಟುಗಳಿವೆ, ಜೊತೆಗೆ ಡ್ರಮ್ಮಿನ ಸುತ್ತ ಬಿಗಿಯುವ ಒಂದು ಪಟ್ಟಿ. ಒತ್ತಡ ಹುಟ್ಟಿಸುವುದು ಎಂಜಿನ್ನಿನಿಂದಲೇ ತಿರುಗುವ ಪಂಪು. ಅದನ್ನು ಹಂಚುವುದು ಜಟಿಲ ಓಣಿಗಳಿರುವ ಕವಾಟಗಳ ಫಲಕ. ಅದನ್ನು ಹಾಸಿಟ್ಟರೆ ಹಳೆಯ ಪೇಟೆಯ ನಕ್ಷೆಯಂತೆಯೇ ಕಾಣುತ್ತದೆ. ಪ್ಯಾಸ್ಕಲ್ ನಿಯಮ ಬೇರೇನೂ ಅಲ್ಲ, ಇದೇ.

ಈಗ ವಿಷಯಕ್ಕೆ ಬರೋಣ. ಈ ಪೆಟ್ಟಿಗೆ ಕೆಟ್ಟಾಗ ಅದು ಕೊಡುವ ಸೂಚನೆಗಳು ಬಹಳ ಸ್ಪಷ್ಟ. ಎರಡು, ನಾಲ್ಕು ಮತ್ತು ರಿವರ್ಸ್ ಗೇರುಗಳು ಒಟ್ಟಿಗೆ ಹೋದವು, ಒಂದು ಮತ್ತು ಮೂರು ಉಳಿದಿವೆ ಎನ್ನಿ. ಯಾವ ಭಾಗ ಮುರಿದಿರಬೇಕು? ಆ ಮೂರಕ್ಕೂ ಹಿಂಬದಿಯ ಸೂರ್ಯ ಗೇರು ಬೇಕು: ಎರಡು ಮತ್ತು ನಾಲ್ಕರಲ್ಲಿ ಅದನ್ನು ಹಿಡಿಯಬೇಕು, ರಿವರ್ಸಿನಲ್ಲಿ ತಿರುಗಿಸಬೇಕು. ಸೂರ್ಯನನ್ನು ಡ್ರಮ್ಮಿಗೆ ಸೇರಿಸುವ ಗಂಟೆಯಾಕಾರದ ತೆಳು ಉಕ್ಕಿನ ಚಿಪ್ಪು ಕತ್ತಿನ ಬಳಿ ಕಿತ್ತುಹೋಗಿದೆ ಎಂದು ಬಿಚ್ಚುವ ಮುಂಚೆಯೇ ಹೇಳಬಹುದು. ಗ್ಯಾರೇಜಿನವರು ಇದನ್ನು ಅನುಭವದಿಂದ ಹೇಳುತ್ತಾರೆ. ನಮ್ಮ ಹುಡುಗರು ಕಾಗದದ ಮೇಲೆ ಮೂರು ವೃತ್ತ ಬರೆದು ಹೇಳಬಹುದು.

ಇನ್ನೊಂದು ಕಾಯಿಲೆ ಇದಕ್ಕಿಂತ ಹೆಚ್ಚು ಪ್ರಸಿದ್ಧ. ಒಂದು, ಎರಡು ಚೆನ್ನಾಗಿವೆ. ಮೂರಕ್ಕೆ ಹೋದರೆ ಎಂಜಿನ್ ಸುಮ್ಮನೆ ಅರಚುತ್ತದೆ, ಗಾಡಿ ಎಳೆಯುವುದಿಲ್ಲ. ಬಿಚ್ಚಿದರೆ 3-4ನೇ ಗೇರಿನ ಕ್ಲಚ್ ಕಟ್ಟು ಸುಟ್ಟು ಕರಕಲಾಗಿರುತ್ತದೆ. ಹೀಗಾಗುವುದಕ್ಕೆ ಕಾರಣವಿದೆ. ಮೂರನೆಯದರಲ್ಲಿ ಈ ಕಟ್ಟಿಗೆ ಜೊತೆಗಾರನೊಬ್ಬನಿದ್ದಾನೆ, ಹೊರೆ ಹಂಚಿಹೋಗುತ್ತದೆ. ನಾಲ್ಕನೆಯದರಲ್ಲಿ ಎಂಜಿನ್ನಿನ ಪೂರ್ತಿ ಬಲ ಇದೊಂದರ ಮೂಲಕವೇ ಹಾಯಬೇಕು. ಹಿಂದೆ ದೋಣಿಯೋ ಹುಲ್ಲಿನ ಹೊರೆಯೋ ಇದ್ದರೆ ಕೇಳುವುದೇ ಬೇಡ.

ಇಲ್ಲಿ ಮನೆ ಮೆಕ್ಯಾನಿಕ್ ಏನು ಮಾಡುತ್ತಾನೆ? ಸುಟ್ಟಿದ್ದು ಕ್ಲಚ್, ಆದ್ದರಿಂದ ಗಟ್ಟಿ ಕ್ಲಚ್ ಹಾಕೋಣ ಎನ್ನುತ್ತಾನೆ. ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಆರು ಘರ್ಷಣೆ ತಟ್ಟೆಗಳಿರುವಲ್ಲಿ ಎಂಟನ್ನು ತುರುಕುವ ಕಿಟ್ಟುಗಳು ಮಾರುಕಟ್ಟೆಯಲ್ಲಿವೆ. ಲೆಕ್ಕ ಸರಿ: 12 ಮುಖಗಳ ಬದಲು 16 ಮುಖ, ಹಿಡಿತ ಮೂರನೇ ಒಂದು ಭಾಗ ಹೆಚ್ಚು. ಆದರೆ ಡ್ರಮ್ಮಿನ ಉದ್ದ ಅಷ್ಟೇ ಇದೆಯಲ್ಲ! ಎಂಟು ಹಿಡಿಸಬೇಕಾದರೆ ನಡುವಿನ ಉಕ್ಕಿನ ತಟ್ಟೆಗಳನ್ನು ತೆಳುಗೊಳಿಸಬೇಕು. ಜಾರುವ ಆ ಅರ್ಧ ಸೆಕೆಂಡಿನಲ್ಲಿ ಹುಟ್ಟುವ ಶಾಖವನ್ನು ಹೀರಿಕೊಳ್ಳುವುದು ಆ ಉಕ್ಕೇ. ದಪ್ಪ ತಳದ ಪಾತ್ರೆಯಲ್ಲಿ ಹಾಲು ಸೀಯುವುದಿಲ್ಲ, ತೆಳು ಪಾತ್ರೆಯಲ್ಲಿ ಸೀಯುತ್ತದೆ ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಹಿಡಿತ ಹೆಚ್ಚಿತು, ತಾಳಿಕೆ ಕಡಿಮೆಯಾಯಿತು. ಒತ್ತಡ ಸರಿಯಿದ್ದರೆ ಎಂಟು ತಟ್ಟೆ ಲಾಭವೇ. ಒತ್ತಡ ಕಡಿಮೆಯಿದ್ದರೆ ಆರಕ್ಕಿಂತ ಬೇಗ ಸುಡುತ್ತದೆ.

ಒತ್ತಡ ಯಾಕೆ ಕಡಿಮೆಯಾಗಬೇಕು? ಈ ಪ್ರಶ್ನೆ ಕೇಳದೆ ಪೆಟ್ಟಿಗೆ ಮುಚ್ಚಿದವರು ಮತ್ತೆ ಬಿಚ್ಚುತ್ತಾರೆ. ಪೆಟ್ಟಿಗೆಯ ಗೋಡೆಯಲ್ಲಿ, ಮೂರನೇ ಗೇರಿನ ಎಣ್ಣೆಯ ದಾರಿಯಲ್ಲಿ, ಬೆರಳ ತುದಿಗಿಂತ ಚಿಕ್ಕದಾದ ಒಂದು ಕೊಳವೆ ಕೂತಿದೆ. ಅದರೊಳಗೆ ಒಂದು ಉಕ್ಕಿನ ಗೋಲಿ. ಗೇರು ಬಿಟ್ಟಾಗ ಉಳಿದ ಎಣ್ಣೆಯನ್ನು ಹೊರಬಿಡುವುದು, ಗೇರು ಹಿಡಿದಾಗ ಮುಚ್ಚಿಕೊಳ್ಳುವುದು ಅದರ ಕೆಲಸ. ವರ್ಷಗಳ ಬಡಿತದಿಂದ ಗೋಲಿಯ ಪೀಠ ಸವೆದರೆ ಪೂರ್ತಿ ಮುಚ್ಚುವುದಿಲ್ಲ. ಕ್ಲಚ್ಚನ್ನು ಒತ್ತಬೇಕಾದ ಎಣ್ಣೆ ಅಲ್ಲಿ ಸೋರಿಹೋಗುತ್ತದೆ, ಕಟ್ಟು ಅರೆಬರೆ ಬಿಗಿಯುತ್ತದೆ, ಜಾರುತ್ತದೆ, ಸುಡುತ್ತದೆ. ಬಲ್ಲವರು ಆ ದಾರಿಗೆ ತೆಳು ದ್ರಾವಕ ಸುರಿದು ಜಿನುಗುತ್ತದೆಯೇ ಎಂದು ನೋಡುತ್ತಾರೆ, ಜಿನುಗಿದರೆ ಕೊಳವೆಯನ್ನೇ ಬದಲಿಸುತ್ತಾರೆ. ಹಳೆಯ 700-ಆರ್4ನಲ್ಲಿ ಇನ್ನೊಬ್ಬ ಅಪರಾಧಿಯೂ ಉಂಟು: ಆಕ್ಸಿಲರೇಟರಿನಿಂದ ಪೆಟ್ಟಿಗೆಗೆ ಬರುವ ಒಂದು ಕೇಬಲ್. ಚಾಲಕ ಎಷ್ಟು ಒತ್ತಿದ್ದಾನೆಂದು ಅದು ತಿಳಿಸಿದರೆ ಮಾತ್ರ ಒತ್ತಡ ಏರುತ್ತದೆ. ಅದರ ಹೊಂದಾಣಿಕೆ ತಪ್ಪಿದರೆ ಹೊಸ ಕ್ಲಚ್ಚೂ ಸುಡುವುದು ಖಂಡಿತ. ಕರಕಲಾದ ತಟ್ಟೆ ಅಪರಾಧಿಯಲ್ಲ, ಕೊಲೆಯಾದವನು. ಶವವನ್ನು ಬದಲಿಸಿ ಕೊಲೆಗಾರನನ್ನು ಮನೆಯಲ್ಲೇ ಬಿಟ್ಟರೆ ಹೇಗೆ?

ಬಿಚ್ಚುವ ಕೆಲಸ ಹೇಗಿರುತ್ತದೆಂದು ಹೇಳದಿದ್ದರೆ ಹುಡುಗರು ನನ್ನನ್ನು ಕ್ಷಮಿಸುವುದಿಲ್ಲ. ಎಣ್ಣೆಯಿಲ್ಲದ ಪೆಟ್ಟಿಗೆಯೇ ಸುಮಾರು 65 ಕಿಲೋ. ಗಾಡಿಯನ್ನು ಗಟ್ಟಿ ಆಸರೆಗಳ ಮೇಲೆ ನಿಲ್ಲಿಸಿ, ಪೆಟ್ಟಿಗೆಗೆಂದೇ ಇರುವ ಜ್ಯಾಕಿನಿಂದ ಇಳಿಸಬೇಕು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತೂರುವುದು ಸಾವಿನೊಡನೆ ಸರಸ. ಮಕ್ಕಳಂತೂ ಆ ಹಂತದಲ್ಲಿ ಹತ್ತಿರ ಸುಳಿಯಲೇಬಾರದು. ಮೇಜಿನ ಮೇಲೆ ಬಂದ ಮೇಲೆ ಅವರದೇ ರಾಜ್ಯ. ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುವುದು, ಪ್ರತಿ ಹಂತಕ್ಕೂ ಒಂದು ಚಿತ್ರ ತೆಗೆಯುವುದು, ಸರ್ಕ್ಲಿಪ್ಪುಗಳಿಗೆ ಚೀಟಿ ಕಟ್ಟುವುದು. ಹೊಸ ಘರ್ಷಣೆ ತಟ್ಟೆಗಳನ್ನು ಮೊದಲೇ ಎಣ್ಣೆಯಲ್ಲಿ ನೆನೆಹಾಕಬೇಕು. ಕವಾಟ ಫಲಕದ ಗೋಲಿಗಳು ಉದುರದಂತೆ ಕೂರಿಸಲು ವ್ಯಾಸಲೀನು ಬಳಸುತ್ತಾರೆ, ಗ್ರೀಸನ್ನಲ್ಲ. ವ್ಯಾಸಲೀನು ಬಿಸಿ ಎಣ್ಣೆಯಲ್ಲಿ ಕರಗಿಹೋಗುತ್ತದೆ, ಗ್ರೀಸು ಗಂಟಾಗಿ ಓಣಿ ಕಟ್ಟುತ್ತದೆ.

ನನಗೆ ಅತ್ಯಂತ ಇಷ್ಟವಾದ ಘಟ್ಟ ಗಾಳಿ ಪರೀಕ್ಷೆ. ಕವಾಟ ಫಲಕ ಕೂರಿಸುವ ಮುಂಚೆ, ಒಂದೊಂದು ಓಣಿಗೂ ಹದವಾದ ಒತ್ತಡದ ಗಾಳಿ ಊದುತ್ತಾರೆ. ಸೀಲುಗಳು ಸರಿಯಿದ್ದರೆ ಒಳಗಿನ ಪಿಸ್ಟನ್ ‘ಥಪ್’ ಎಂದು ಕಟ್ಟನ್ನು ಒತ್ತುತ್ತದೆ. ಬುಸ್ಸೆಂದರೆ ಸೋರಿಕೆ, ಅಲ್ಲಿಗೇ ನಿಲ್ಲಿಸಿ ಹಿಂದಿರುಗಬೇಕು. ಎಂಜಿನ್ನಿಲ್ಲ, ಎಣ್ಣೆಯಿಲ್ಲ, ಪ್ಯಾಸ್ಕಲ್ ಸಾಹೇಬ ಎದುರಿಗೇ ಬಂದು ನಿಂತಂತೆ.

ಇನ್ನು ‘ಗಟ್ಟಿ ಮಾಡುವ’ ಮಾತು. ಪಟ್ಟಿಯನ್ನು ಬಿಗಿಯುವ ಪಿಸ್ಟನ್ನಿಗೆ ಬದಲಾಗಿ ಕಾರ್ವೆಟ್ ಕಾರಿನ ದೊಡ್ಡ ಪಿಸ್ಟನ್ ಹಾಕುವುದು ಅಗ್ಗದ, ಒಳ್ಳೆಯ ಉಪಾಯ. ಒತ್ತಡ ಅಷ್ಟೇ, ವಿಸ್ತೀರ್ಣ ಹೆಚ್ಚು, ಆದ್ದರಿಂದ ಬಲ ಹೆಚ್ಚು. ತೆಳು ಚಿಪ್ಪಿಗೆ ಬದಲಾಗಿ ದಪ್ಪನೆಯ ಗಟ್ಟಿ ಚಿಪ್ಪು ಹಾಕುವುದೂ ಸರಿ. ಗೇರು ಬೇಗ, ಗಡುಸಾಗಿ ಬೀಳುವಂತೆ ಮಾಡುವ ಸ್ಪ್ರಿಂಗುಗಳ ಕಿಟ್ಟಿನ ಬಗ್ಗೆ ಮಾತ್ರ ನನಗೆ ಅರೆಮನಸ್ಸು. ಜಾರುವ ಸಮಯ ಕಡಿಮೆಯಾಗಿ ಕ್ಲಚ್ ತಣ್ಣಗಿರುತ್ತದೆ, ನಿಜ. ಆದರೆ ಕ್ಲಚ್ಚು ನುಂಗದ ಏಟನ್ನು ಬೇರೆ ಯಾವುದೋ ಭಾಗ ತಿನ್ನಬೇಕಲ್ಲ. ಹಳೆಯ ಚಿಪ್ಪನ್ನೇ ಉಳಿಸಿಕೊಂಡು ಗಡುಸು ಕಿಟ್ಟು ಹಾಕಿದವರ ಎರಡನೇ ಗೇರು ಎಷ್ಟು ದಿನ ಬಾಳೀತು ಎಂಬುದನ್ನು ನೀವೇ ಊಹಿಸಿ.

ಎಲ್ಲಕ್ಕಿಂತ ಮೇಲಾದದ್ದು ಜಾಹೀರಾತುಗಳಲ್ಲಿ ಮೆರೆಯದ ಒಂದು ಸಾಮಾನು: ಹೆಚ್ಚುವರಿ ಆಯಿಲ್ ಕೂಲರ್. ರೇಡಿಯೇಟರಿನ ಮುಂದೆ ಕೂರುವ ಪುಟ್ಟ ಜಾಲರಿ. ಎಣ್ಣೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಆರೋಗ್ಯ. ಅಲ್ಲಿಂದ ಮೇಲೆ ಪ್ರತಿ ಹತ್ತು-ಹನ್ನೊಂದು ಡಿಗ್ರಿಗೂ ಎಣ್ಣೆಯ ಆಯುಷ್ಯ ಅರ್ಧವಾಗುತ್ತದೆ ಎಂಬುದು ಕಸುಬಿನವರ ಕೈಲೆಕ್ಕ. ಹಳೆಯ ಕೂಲರ್ ಕೊಳವೆಗಳನ್ನು ತೊಳೆಯದೆ, ಹಳೆಯ ಕನ್ವರ್ಟರನ್ನೇ ತಿರುಗಿ ಹಾಕಿದರೆ ಅದರಲ್ಲಿ ಅಡಗಿರುವ ಕರಕಲು ಪುಡಿ ಹೊಸ ಪೆಟ್ಟಿಗೆಗೆ ನೇರವಾಗಿ ಬರುತ್ತದೆ.

ಮತ್ತೆ ಜೋಡಿಸುವಾಗ ಕನ್ವರ್ಟರನ್ನು ತಿರುಗಿಸುತ್ತ ಒಳದಬ್ಬಬೇಕು. ಅದು ಹಂತಹಂತವಾಗಿ ‘ಟಕ್’ ಎಂದು ಒಳಗೆ ಕೂರುತ್ತದೆ. ಪೂರ್ತಿ ಕೂರದೆ ಬೋಲ್ಟು ಬಿಗಿದರೆ ಪಂಪು ಪುಡಿಯಾಗುತ್ತದೆ, ವಾರಗಟ್ಟಲೆ ಮಾಡಿದ ಕೆಲಸ ಒಂದು ಸ್ಪ್ಯಾನರಿನ ತಿರುವಿಗೆ ಹೋಗುತ್ತದೆ. ಸರಿಯಾಗಿ ಕೂತಿದ್ದರೆ ಎಂಜಿನ್ನಿನ ತಟ್ಟೆಗೂ ಕನ್ವರ್ಟರಿಗೂ ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದಿ ಕಾಣಬೇಕು. ಗಾಡಿ ಒಂದಷ್ಟು ಓಡಿದ ಮೇಲೆ ತಳದ ತಟ್ಟೆ ಬಿಚ್ಚಿ ಅದರಲ್ಲಿರುವ ಅಯಸ್ಕಾಂತವನ್ನು ನೋಡುತ್ತಾರೆ. ನುಣುಪಾದ ಬೂದು ಕೆಸರು ಮೆತ್ತಿದ್ದರೆ ಅದು ಸಹಜ ಸವೆತ. ಹೊಳೆಯುವ ಚೂರುಗಳಿದ್ದರೆ ಮತ್ತೆ ಜ್ಯಾಕ್ ತರಬೇಕು.

ಈ ವಾರದ ಪ್ರಶ್ನೆ: ಅದೇ 28 ಮತ್ತು 56 ಹಲ್ಲಿನ ಜೋಡಣೆಯಲ್ಲಿ ಉಂಗುರವನ್ನು ಹಿಡಿದು ಚೌಕಟ್ಟನ್ನು 1 ಸುತ್ತು ತಿರುಗಿಸಿದರೆ ಸೂರ್ಯ ಎಷ್ಟು ಸುತ್ತು ತಿರುಗುತ್ತದೆ? ಯಾವ ಟ್ರಕ್ಕಿನಲ್ಲೂ ಇಂಥ ಗೇರು ಇಡುವುದಿಲ್ಲ, ಏಕೆ? ಉತ್ತರ ಮುಂದಿನ ವಾರ.