ಚಿಪ್ಪಿನ ಹೊಗೆಯಲ್ಲಿ ಕರಗುವ ಲಾಭ

ಉಂಡೆ ಕೊಬ್ಬರಿಯಷ್ಟು ಅಲ್ಪ ಇಂಧನದಲ್ಲಿ ಸಿದ್ಧವಾಗುವ ಸರಕು ವಿರಳ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿಯೇ ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುವವರೆಗೆ ಹತ್ತು ಹನ್ನೆರಡು ತಿಂಗಳು ಕಾಯುವುದೇ ಇದರ ತಂತ್ರಜ್ಞಾನ. ಪರಿಸರಸ್ನೇಹಿ ಎಂಬ ಪದ ಚಾಲ್ತಿಗೆ ಬರುವ ಎಷ್ಟೋ ಮೊದಲೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬೆಳೆಗಾರರು ಇದನ್ನು ರೂಢಿಸಿಕೊಂಡಿದ್ದರು. ಆದರೆ ಕೊಬ್ಬರಿಯು ಮಂಡಿಗೆ ಹೊರಟ ಮೇಲೆ ಹಿಂದೆ ಉಳಿಯುವ ಚಿಪ್ಪು ಮತ್ತು ಮಟ್ಟೆಯ ವಿಷಯದಲ್ಲಿ ಇದೇ ಮಾತನ್ನು ಹೇಳಲು ಬಾರದು.

ಚಿಪ್ಪನ್ನು ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡುವ ಕ್ರಮವನ್ನೇ ನೋಡಬಹುದು. ಒಂದು ಟನ್ ಇದ್ದಿಲಿಗೆ ಮೂರು ಟನ್ನಿಗೂ ಮಿಕ್ಕ ಚಿಪ್ಪು ಬೇಕು. ಉಳಿದುದು ಹೊಗೆಯಾಗಿ, ಅನಿಲವಾಗಿ ಹೊರಟುಹೋಗುತ್ತದೆ. ಈ ಹೊಗೆ ಸುತ್ತಲಿನ ಮನೆಗಳಿಗೂ ತೋಟಗಳಿಗೂ ಕವಿಯುತ್ತದೆ. ಕೆಂಡ ಆರಿಸಲು ಸುರಿದ ನೀರು ಕಪ್ಪಾಗಿ ಹರಿದು ನೆಲಕ್ಕೆ ಇಂಗುತ್ತದೆ. ಕೊಳವೆಬಾವಿಯನ್ನೇ ನೆಚ್ಚಿಕೊಂಡ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಇಷ್ಟಾದರೂ ಸರಕಿನ ಗುಣಮಟ್ಟವೇನೂ ಹೆಚ್ಚುವುದಿಲ್ಲ. ಇದ್ದಿಲನ್ನು ಕೊಳ್ಳುವ ಸಕ್ರಿಯ ಇಂಗಾಲದ ಕಾರ್ಖಾನೆಗಳು ಅದರ ಸ್ಥಿರ ಇಂಗಾಲ, ಬೂದಿ ಮತ್ತು ತೇವಾಂಶವನ್ನು ಪರೀಕ್ಷಿಸುತ್ತವೆ. ಗುಂಡಿಯ ಮಣ್ಣು ಬೆರೆತ, ನೀರು ಕುಡಿದ ಇದ್ದಿಲು ಈ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತದೆ. ಹೀಗಾಗಿ ನೆರೆಯವರಿಗೆ ಹೊಗೆ, ಮಾರುವವನಿಗೆ ದರ ಕಡಿತ.

ಆ ಹೊಗೆಯಾದರೂ ಏನು? ಅರೆಬೆಂದ ಇಂಧನವೇ. ಶ್ರೀಲಂಕಾದ ಬದಲ್ಗಮದಲ್ಲಿರುವ ರೀಕೋಜೆನ್ ಘಟಕವು ಇದ್ದಿಲು ತಯಾರಿಕೆಯಲ್ಲಿ ಹೊರಡುವ ಅನಿಲವನ್ನು ಉರಿಸಿ ವಿದ್ಯುತ್ ಉತ್ಪಾದಿಸಿ ತೋರಿಸಿದೆ. ಅಷ್ಟು ದೊಡ್ಡ ಘಟಕ ಇಲ್ಲಿಗೆ ಬೇಕಿಲ್ಲ. ತಿಪಟೂರಿನ ಸುತ್ತಮುತ್ತ ಕಾಯಿಪುಡಿ ತಯಾರಿಸುವ ಕಾರ್ಖಾನೆಗಳಿವೆ. ಅವುಗಳಿಗೆ ತಿರುಳನ್ನು ಒಣಗಿಸಲು ಬಿಸಿಗಾಳಿ ಬೇಕು; ಅದಕ್ಕೆಂದು ಇಂಧನ ಸುಡಲೇಬೇಕು. ಮುಚ್ಚಿದ ಕುಲುಮೆಯ ಇದ್ದಿಲು ಘಟಕವು ಇಂತಹ ಕಾರ್ಖಾನೆಯ ಮಗ್ಗುಲಲ್ಲಿದ್ದರೆ ಒಬ್ಬರ ಹೊಗೆ ಇನ್ನೊಬ್ಬರ ಉರುವಲಾಗುತ್ತದೆ. (ಕಾಯಿಪುಡಿ ಘಟಕಗಳು ಚರಂಡಿಗೆ ಬಿಡುವ ಎಳೆಹುಳಿಯ ಕಾಯಿನೀರಿನಿಂದ ವಿನೆಗರ್ ತಯಾರಿಸಬಹುದೆಂಬುದು ಹಳೆಯ ಮಾತು, ಕೈಗೆ ಹತ್ತಿದ್ದು ಕಡಿಮೆ.)

ಮಟ್ಟೆಯ ಕಥೆ ತುಸು ಬೇರೆ. ಅದರ ತೂಕದಲ್ಲಿ ನಾರು ಸುಮಾರು ಮೂರನೆಯ ಒಂದು ಭಾಗ; ಮಿಕ್ಕುದೆಲ್ಲ ಪುಡಿ. ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡಬಲ್ಲ ಈ ಪುಡಿಯನ್ನು ತೊಳೆದು ಇಟ್ಟಿಗೆಯಾಗಿ ಒತ್ತಿ ನೆದರ್ಲೆಂಡಿನ ಹಸಿರುಮನೆಗಳವರೆಗೆ ರಫ್ತು ಮಾಡಲಾಗುತ್ತದೆ. ಬರದ ಸೀಮೆಯ ತೋಟಗಳು ಒಣಗುತ್ತಿರುವಾಗ ನೀರು ಹಿಡಿಯುವ ವಸ್ತುವೆಲ್ಲ ಹಡಗು ಹತ್ತುವುದು ವಿಚಿತ್ರವೇ ಸರಿ. ಅಣಬೆ ಬೀಜ ಮತ್ತು ಯೂರಿಯಾ ಬೆರೆಸಿ ಒಂದು ತಿಂಗಳು ಕೊಳೆಸಿದರೆ ಅದೇ ಪುಡಿ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತದೆ. ರಫ್ತಿಗೆ ಒದಗದ ಕಳಪೆ ಪುಡಿಯನ್ನಾದರೂ ನಾರು ಘಟಕಗಳು ಸ್ಥಳೀಯವಾಗಿ ಮಾರಬಹುದು.

ಇವಕ್ಕೆಲ್ಲ ಖರ್ಚು ಹೊರುವವರು ಯಾರು ಎಂಬುದೇ ನಿಜವಾದ ಪ್ರಶ್ನೆ. ಇದ್ದಿಲು ಸುಡುವವನು ಸಾಮಾನ್ಯವಾಗಿ ಬಂಡವಾಳವಿಲ್ಲದ ಸಣ್ಣ ಗುತ್ತಿಗೆದಾರ. ಕುಲುಮೆಯ ಹಣವನ್ನು ಅವನಿಂದ ನಿರೀಕ್ಷಿಸುವುದು ನ್ಯಾಯವಲ್ಲ, ವ್ಯವಹಾರವೂ ಅಲ್ಲ. ಹಣವಿರುವುದು ಚಿಪ್ಪಿನ ಸಗಟು ವರ್ತಕರಲ್ಲಿ ಮತ್ತು ಇಂಗಾಲದ ಕಾರ್ಖಾನೆಗಳಲ್ಲಿ. ಅವರು ಖರ್ಚು ಹೆಚ್ಚಿಸಿಕೊಂಡರೆ ಬೇರೆ ಜಿಲ್ಲೆಯ ಅಗ್ಗದ ಇದ್ದಿಲು ಪೈಪೋಟಿಗೆ ಬರುತ್ತದೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಕಾಯುವುದೂ ಪುಕ್ಕಟೆಯಲ್ಲ. ತಮಿಳುನಾಡಿನ ಮಾಲಿನ್ಯ ನಿಯಂತ್ರಣ ಮಂಡಳಿಯು 2021ರಲ್ಲಿ ನಾರು ಘಟಕಗಳನ್ನು ಬಿಳಿ ವರ್ಗದಿಂದ ಕಿತ್ತಳೆ ವರ್ಗಕ್ಕೆ ವರ್ಗಾಯಿಸಿದಾಗ ಪೊಳ್ಳಾಚಿ ಭಾಗದ ಉದ್ದಿಮೆದಾರರು ಒಮ್ಮೆಲೇ ಅನುಮತಿಗಳ ಹೊರೆ ಹೊರಬೇಕಾಯಿತು.

ಕೊಬ್ಬರಿಯೊಂದನ್ನೇ ನಂಬುವುದು ಎಷ್ಟು ಅಪಾಯಕರವೆಂಬುದನ್ನು ಈಚಿನ ವರ್ಷಗಳು ತೋರಿಸಿವೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. 2025ರಲ್ಲಿ ಬೆಂಬಲ ಬೆಲೆ 12,100 ಆಗಿದ್ದರೆ ಮಾರುಕಟ್ಟೆ ಅದರ ಎರಡು ಪಟ್ಟನ್ನೂ ದಾಟಿತು. ಕಾಯಿಯ ಅಭಾವದಿಂದ ಚಿಪ್ಪಿನ ದರವೂ ಏರಿತು. ದುಬಾರಿ ಚಿಪ್ಪನ್ನು ಗುಂಡಿಯಲ್ಲಿ ಹಾಳುಮಾಡುವುದು ಯಾವ ಲೆಕ್ಕಕ್ಕೂ ಹೊಂದದು.

ಮೊದಲ ಹೆಜ್ಜೆ ದುಬಾರಿಯದೇನಲ್ಲ. ಇದ್ದಿಲನ್ನು ಬರಿಯ ತೂಕದ ಮೇಲೆ ಕೊಳ್ಳುವುದನ್ನು ಬಿಟ್ಟು ತೇವಾಂಶ ಮತ್ತು ಬೂದಿಯ ಪ್ರಮಾಣಕ್ಕೆ ತಕ್ಕ ದರವನ್ನು ಸುಡುವವನಿಗೇ ನೇರವಾಗಿ ಕೊಡುವುದು, ಒಳ್ಳೆಯ ಇದ್ದಿಲಿಗೆ ಮುಂಗಡ ನೀಡುವುದು, ಆ ಮುಂಗಡದಿಂದ ನಾಲ್ಕೈದು ಮಂದಿ ಕೂಡಿ ಒಂದು ಕುಲುಮೆ ಹೂಡುವಂತೆ ಮಾಡುವುದು. ಮುಂದಿನ ಹಂಗಾಮಿನ ಕರಾರುಗಳಲ್ಲಿ ಈ ಷರತ್ತುಗಳನ್ನು ಬರೆದುಕೊಳ್ಳಲು ವರ್ತಕರಿಗೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.