ಯಾವ ಹೆಗಡೆ?

ಉಮ್ಮಚಗಿ ಸುತ್ತಮುತ್ತ ಬರೇ ‘ಹೆಗಡೇರ ಮನೆ ಎಲ್ಲಿ’ ಅಂತ ಕೇಳಿದರೆ ದಾರಿ ಸಿಗಲ್ಲ. ಯಾವ ಊರ ಹೆಗಡೆ, ಮೇಲಿನಮನೆಯೋ ಕೆಳಗಿನಮನೆಯೋ ಅಂತ ತಿರುಗಿ ನಮ್ಮನ್ನೇ ಕೇಳ್ತಾರೆ. ಹೆಗಡೆ, ಭಟ್ಟ, ಗಾಂವ್ಕರ್ ಇಷ್ಟರಲ್ಲೇ ಎಷ್ಟೋ ಕೇರಿಗಳು ಮುಗಿದುಹೋಗುತ್ತವೆ. ಕಾಲೇಜಿನ ಅಟೆಂಡೆನ್ಸ್ ಶೀಟಿಗೆ ಬರುವಷ್ಟರಲ್ಲಿ ಮಾತ್ರ ಊರು, ಮನೆ ಎರಡೂ ಉದುರಿ ಹೆಗಡೆ ಒಂದೇ ಉಳಿದಿರುತ್ತೆ. ನಮ್ಮ ತಕರಾರು ಇದೇ. ಉಳಿಸಿಕೊಳ್ಳಬೇಕಾಗಿದ್ದು ಊರಿನ ಹೆಸರನ್ನ.

ಹೆಗಡೆ ಮೂಲದಲ್ಲಿ ಜಾತಿಯೇ ಅಲ್ಲ, ಹುದ್ದೆ. ಹಳಗನ್ನಡದ ಶಾಸನಗಳಲ್ಲಿ ‘ಪೆರ್ಗಡೆ’ ಅಂತ ಬರುತ್ತೆ, ಆಡಳಿತ ನೋಡಿಕೊಳ್ಳುವ ಅಧಿಕಾರಿ. ಪೆರ್ ಅಂದರೆ ಹಿರಿಯ, ದೊಡ್ಡ. ಅದಕ್ಕೇ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು ಹವ್ಯಕರು, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಜೈನರು, ಕರಾವಳಿಯ ಬಂಟರಲ್ಲೂ ಹೆಗ್ಡೆಗಳಿದ್ದಾರೆ. ಗಾಂವ್ಕರ್ ಕೂಡ ಊರ ಯಜಮಾನನೇ.

ಜರ್ಮನರ ಅಡ್ಡಹೆಸರುಗಳ ಕಥೆಯೂ ಹೀಗೇ. ಮೈಯರ್ ಅಂದರೆ ಒಡೆಯನ ಪರವಾಗಿ ಜಮೀನು ನೋಡಿಕೊಳ್ಳುವವ. ಅದರ ಮೂಲ ಲ್ಯಾಟಿನ್ನಿನ ‘ಮಯೋರ್’, ಅಂದರೆ ‘ಹೆಚ್ಚು ದೊಡ್ಡವ’. ಥೇಟ್ ನಮ್ಮ ಪೆರ್ಗಡೆ! ಶುಲ್ಟ್ಸ್ ಊರ ಮುಖ್ಯಸ್ಥ, ಮ್ಯುಲರ್ ಹಿಟ್ಟಿನ ಗಿರಣಿಯವ, ಶ್ಮಿಟ್ ಕಮ್ಮಾರ. 1876ರಲ್ಲಿ ದೇಶದ ತುಂಬ ಸರ್ಕಾರಿ ನೋಂದಣಿ ಬಂದಾಗ ಯಾರ ಸ್ಪೆಲಿಂಗ್ ಹೇಗಿತ್ತೋ ಹಾಗೇ ಗಟ್ಟಿಯಾಯಿತು. ಹಾಗಾಗಿ ಒಂದೇ ಮೈಯರ್‌ಗೆ ನಾಲ್ಕಾರು ಸ್ಪೆಲಿಂಗ್. (ಮಾರ್ಕ್ಸ್‌ಕಾರ್ಡ್‌ನಲ್ಲಿ ಹೆಗಡೆ, ಆಧಾರ್‌ನಲ್ಲಿ ಹೆಗ್ಡೆ ಆಗಿ ಅಫಿಡವಿಟ್ ಮಾಡಿಸಿದವರಿಗೆ ಈ ಕಷ್ಟ ಗೊತ್ತು.)

ಆದರೆ ಬರ್ಲಿನ್‌ನಲ್ಲಿ ಶ್ಮಿಟ್ ಅಂದ ತಕ್ಷಣ ‘ಓ, ಕಮ್ಮಾರರವನು’ ಅಂತ ಯಾರೂ ಅಳೆಯಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಮೊದಲ ದಿನ ಅಡ್ಡಹೆಸರು ಕೇಳೋದೇ ಜಾತಿ ತಿಳಿಯೋಕೆ. ಯಲ್ಲಾಪುರದ ಸಿದ್ದಿ ಗೆಳೆಯರಿಗೆ ಇದರ ಬಿಸಿ ಇನ್ನೂ ಜಾಸ್ತಿ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಹೊತ್ತಿರುವ ಈ ಹೆಸರು, ‘ಒಡೆಯ’ ಅನ್ನೋ ಅರ್ಥದ ಅರಬ್ಬಿ ಪದದಿಂದ ಬಂದಿದ್ದು ಅಂತಾರೆ. ಅದನ್ನ ಅಭಿಮಾನದಿಂದ ಬರೆದುಕೊಳ್ಳೋದು ಅವರ ಹಕ್ಕು, ಬಿಡಿ ಅನ್ನೋಕೆ ನಾವ್ಯಾರು? ಹೆಗಡೆ, ಭಟ್ಟ ಬಿಡೋದನ್ನ ಮಾತ್ರ ನಾವೇ ಶುರು ಮಾಡಬಹುದು.

ಯಕ್ಷಗಾನದ ಪ್ರೇಕ್ಷಕರು ಇದನ್ನ ಯಾವತ್ತೋ ಮಾಡಿದ್ದಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆ, ಕೆರೆಮನೆ ಶಂಭು ಹೆಗಡೆ ಇಬ್ಬರೂ ಹೆಗಡೇರೇ. ಜನ ಕರೆದಿದ್ದು ಚಿಟ್ಟಾಣಿ, ಕೆರೆಮನೆ ಅಂತ. ಒಂದು ಊರಿನದು, ಇನ್ನೊಂದು ಮನೆಯದು.

ಮುಂದಿನ ಸಂಚಿಕೆಯಿಂದ ಬರೆದವರ ಹೆಸರಿನ ಜೊತೆ ಅಡ್ಡಹೆಸರಿನ ಬದಲು ಊರಿನ ಹೆಸರು ಹಾಕಿ ಅಂತ ಸಂಪಾದಕರನ್ನ ಕೇಳ್ತಿದ್ದೇವೆ. ಬೆಂಗಳೂರಿನವರು ಬೇಕಾದರೆ ಬಸ್‌ಸ್ಟಾಪ್ ಹೆಸರು ಕೊಡಲಿ.